ಸಂವಿಧಾನ ಸಭೆಯಲ್ಲಿ ದೇವರ ಹೆಸರು

1949ರ ಅಕ್ಟೋಬರ್ 17ರಂದು, ಸಂವಿಧಾನದ ಪ್ರಸ್ತಾವನೆಯ ಒಂದೊಂದು ಪದವನ್ನೂ ತೂಗಿ ನೋಡುತ್ತಿದ್ದ ಸಭೆಯಲ್ಲಿ, ಮಂಗಳೂರಿನಲ್ಲಿ ಜನಿಸಿ, ಐ.ಸಿ.ಎಸ್. ಪದವಿಯನ್ನು ತ್ಯಜಿಸಿ ಸ್ವಾತಂತ್ರ್ಯ ಸಂಗ್ರಾಮವನ್ನು ಸೇರಿದ್ದ ಹರಿ ವಿಷ್ಣು ಕಾಮತರು ಎದ್ದು ನಿಂತು, ಭಾರತದ ಜನತೆಯಾದ ನಾವು ಎಂಬ ಮಾತಿಗೂ ಮೊದಲು ಭಗವಂತನ ಹೆಸರಿನಲ್ಲಿ ಎಂದು ಸೇರಿಸಬೇಕೆಂಬ ತಿದ್ದುಪಡಿಯನ್ನು ಮಂಡಿಸಿದರು. ಶಾಕ್ತ ಸಂಪ್ರದಾಯದ ನಾಡಿನಿಂದ ಬಂದಿದ್ದ ರೋಹಿಣಿ ಕುಮಾರ ಚೌಧರಿಯವರು, ದೇವರ ಹೆಸರು ಬರುವುದಾದರೆ ದೇವಿಯ ಹೆಸರೇಕೆ ಬರಬಾರದೆಂದು ಕೇಳಿದರು. ದೇವರನ್ನು ಮತಕ್ಕೆ ಹಾಕುವ ಸಂಕಟಕ್ಕೆ ತಮ್ಮನ್ನು ಗುರಿಮಾಡಬೇಡಿರೆಂದು ಪೂರ್ಣಿಮಾ ಬ್ಯಾನರ್ಜಿಯವರು ಕಾಮತರನ್ನು ಪ್ರಾರ್ಥಿಸಿದರು. ವಿಚಾರ, ನಂಬಿಕೆ, ಉಪಾಸನೆಗಳ ಸ್ವಾತಂತ್ರ್ಯವನ್ನು ಸಾರುವ ಪ್ರಸ್ತಾವನೆಯೇ ಅಂತರಂಗದ ಶ್ರದ್ಧೆಯೊಂದನ್ನು ಎಲ್ಲರ ಮೇಲೂ ಹೇರುವುದು ಸಲ್ಲದೆಂದು ಹೃದಯನಾಥ ಕುಂಜ್ರು ವಾದಿಸಿದರು. ಕಾಮತರು ಪಟ್ಟು ಬಿಡಲಿಲ್ಲ. ತಿದ್ದುಪಡಿಯ ಪರವಾಗಿ 41, ವಿರುದ್ಧವಾಗಿ 68 ಮತಗಳು ಬಿದ್ದುವು.

ಆ ಅರುವತ್ತೆಂಟು ಮಂದಿಯನ್ನು ನಾಸ್ತಿಕರೆಂದು ಬಗೆಯುವುದು ಅನ್ಯಾಯ. ಅದೇ ಸಂವಿಧಾನದ ಮೂರನೆಯ ಅನುಸೂಚಿಯಲ್ಲಿ, ಮಂತ್ರಿಯಾಗುವವನು ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೆ ಶ್ರದ್ಧಾಪೂರ್ವಕವಾಗಿ ದೃಢೀಕರಿಸಬಹುದು ಎಂಬ ಎರಡು ದಾರಿಗಳಿವೆ. ಅಲ್ಲಿ ದೇವರು ಸಾಕ್ಷಿಯಾಗಿ ಬರುತ್ತಾನೆ, ಮಾತಿನ ಭಾರವೆಲ್ಲ ಆಡಿದವನ ಹೆಗಲಿಗೇ ಬೀಳುತ್ತದೆ. ಇಂಥ ದೈವಸ್ಮರಣೆಗೆ ನನ್ನ ಆಕ್ಷೇಪವಿಲ್ಲ. ನಾಯಕನು ತನ್ನನ್ನು ಕಟ್ಟಿಕೊಳ್ಳುವುದಕ್ಕಾಗಿ ದೇವರನ್ನು ಕರೆಯಲಿ. ಕೇಳುವವರ ಬಾಯಿಯನ್ನು ಕಟ್ಟುವುದಕ್ಕಾಗಿ ಕರೆದಾಗ ಮಾತ್ರ ಅದು ಅಪಚಾರವಾಗುತ್ತದೆ, ಏಕೆಂದರೆ ತೆರಿಗೆಯನ್ನೋ ಕಾಯಿದೆಯನ್ನೋ ಪ್ರಶ್ನಿಸುವ ಪ್ರಜೆ ಈಶ್ವರೇಚ್ಛೆಯನ್ನು ಪ್ರಶ್ನಿಸಲಾರನು.

ಉದ್ದೇಶವು ಪವಿತ್ರವಾಗಿದ್ದರೂ ಈ ಅಪಾಯ ತಪ್ಪದು. 1934ರ ಜನವರಿ 15ರ ಭೂಕಂಪವು ಬಿಹಾರವನ್ನು ನೆಲಸಮ ಮಾಡಿದಾಗ, ಅದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ವಿಧಿಸಿದ ಶಿಕ್ಷೆಯೆಂದು ಗಾಂಧೀಜಿ ಹೇಳಿದರು. ಅವರ ಪ್ರಾಮಾಣಿಕತೆಯನ್ನು ಯಾರು ತಾನೆ ಸಂಶಯಿಸಿಯಾರು? ಆದರೆ ಅಸ್ಪೃಶ್ಯತೆಯನ್ನು ಅಷ್ಟೇ ತೀವ್ರವಾಗಿ ದ್ವೇಷಿಸುತ್ತಿದ್ದ ರವೀಂದ್ರನಾಥ ಠಾಕೂರರು, ಪ್ರಾಕೃತಿಕ ಉತ್ಪಾತಗಳಿಗೆ ಪ್ರಾಕೃತಿಕ ಕಾರಣಗಳೇ ಇರುತ್ತವೆಂದೂ, ಈ ಬಗೆಯ ತರ್ಕವು ಮಹಾತ್ಮರಿಗಿಂತ ಅವರ ವಿರೋಧಿಗಳ ಮನೋಧರ್ಮಕ್ಕೇ ಹೆಚ್ಚು ಹೊಂದುವುದೆಂದೂ ಬರೆದರು. ಗುಡಿಯ ಬಾಗಿಲನ್ನು ಹರಿಜನರಿಗೆ ತೆರೆಯಹೊರಟದ್ದರಿಂದಲೇ ಭೂಮಿ ನಡುಗಿತೆಂದು ಸನಾತನಿಯೊಬ್ಬನು ಹೇಳಿದ್ದರೆ, ಆ ವಾದವನ್ನು ಖಂಡಿಸುವ ಯಾವ ಸಾಧನವು ತಾನೆ ಉಳಿಯುತ್ತಿತ್ತು? ಗಾಂಧೀಜಿ ಆ ಲೇಖನವನ್ನು ತಮ್ಮ ‘ಹರಿಜನ’ ಪತ್ರಿಕೆಯಲ್ಲಿಯೇ ಅಚ್ಚುಮಾಡಿಸಿ, ಉತ್ತರವನ್ನೂ ಬರೆದರು; ಅಭಿಪ್ರಾಯವನ್ನು ಮಾತ್ರ ಬದಲಿಸಲಿಲ್ಲ.

ಸ್ವತಂತ್ರ ಭಾರತದ ಶಾಸನವು ಈ ಅಪಾಯವನ್ನು ಬೇಗನೆ ಗುರುತಿಸಿತು. ಇಂಥವನಿಗೆ ಮತ ಹಾಕದಿದ್ದರೆ ದೇವರು ಮುನಿದಾನು, ಮಕ್ಕಳುಮರಿಗೆ ಕೇಡಾದೀತು ಎಂದು ಮತದಾರನನ್ನು ನಂಬಿಸುವುದು, ನಂಬಿಸಲು ಯತ್ನಿಸುವುದು ಕೂಡ, 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 123ನೆಯ ಪ್ರಕರಣದಂತೆ ಭ್ರಷ್ಟಾಚರಣೆ. ಅಭ್ಯರ್ಥಿಯೇ ಆಗಲಿ, ಅವನ ಸಮ್ಮತಿ ಪಡೆದವರೇ ಆಗಲಿ ಹಾಗೆ ಮಾಡಿದ್ದು ನ್ಯಾಯಾಲಯದಲ್ಲಿ ಸಿದ್ಧಪಟ್ಟರೆ, ಎಷ್ಟೇ ಮತಗಳ ಅಂತರದಿಂದ ಗೆದ್ದಿದ್ದರೂ ಆ ಆಯ್ಕೆ ರದ್ದಾಗುತ್ತದೆ.