ಹೆದ್ದಾರಿಯ ಕಣಗಲೆ, ಹಳ್ಳಿದಾರಿಯ ತಂಗಡಿ

ಬೆಂಗಳೂರಿನಿಂದ ಪುಣೆಯತ್ತ ಹೋಗುವ ಹೆದ್ದಾರಿಯ ವಿಭಜಕದಲ್ಲಿ ಎರಡು ಗಿಡಗಳದ್ದೇ ದರ್ಬಾರು. ಒಂದು ಕಣಗಲೆ, ಇನ್ನೊಂದು ಕಾಗದದ ಹೂವು ಎಂದು ನಾವು ಕರೆಯುವ ಬೋಗನ್‌ವಿಲ್ಲಾ. ಎರಡೂ ನೀರಿಲ್ಲದಿದ್ದರೂ ಬದುಕುತ್ತವೆ, ಹೊಗೆಗೆ ಜಗ್ಗುವುದಿಲ್ಲ. ಕಣಗಲೆಯಂತೂ ವಿಷ, ಹಾಗಾಗಿ ಆಡು ದನ ಬಾಯಿ ಹಾಕುವುದಿಲ್ಲ. ಪೊದೆಯಾಗಿ ಬೆಳೆದು ಎದುರಿನ ಲಾರಿಯ ಹೆಡ್‌ಲೈಟು ಕಣ್ಣಿಗೆ ಹೊಡೆಯದಂತೆಯೂ ತಡೆಯುತ್ತದೆ. ಗುತ್ತಿಗೆದಾರನಿಗೆ ಹೇಳಿ ಮಾಡಿಸಿದ ಗಿಡ. ಆದರೆ ಜೇನುಹುಳಕ್ಕೆ ಇದು ಎಲೆ ಹಾಕಿ ಏನೂ ಬಡಿಸದ ಪಂಕ್ತಿ. ಕಣಗಲೆ ಹೂವಿನಲ್ಲಿ ಮಕರಂದವೇ ಇಲ್ಲ. ಬಣ್ಣ, ಪರಿಮಳ ತೋರಿಸಿ ಅನುಭವವಿಲ್ಲದ ಕೀಟವನ್ನು ಕರೆಸಿಕೊಂಡು ಬರಿಗೈಯಲ್ಲಿ ಕಳಿಸುವ ಹೂವು ಅದು. ಕಾಗದದ ಹೂವಿನಲ್ಲಿ ನಾವು ದಳ ಎಂದುಕೊಳ್ಳುವುದು ಬಣ್ಣ ಬಂದ ಎಲೆ. ನಿಜವಾದ ಹೂವು ನಡುವೆ ನಿಂತ ಸಪೂರ ಬಿಳಿ ಕೊಳವೆ. ಚಿಟ್ಟೆಯ ಉದ್ದನೆಯ ಹೀರುನಳಿಗೆ ಅದರೊಳಗೆ ಇಳಿದೀತು, ಜೇನಿನ ಮೋಟು ನಾಲಿಗೆಗೆ ಅದು ಎಟುಕುವುದು ಕಷ್ಟ.

ಕೇಂದ್ರ ಸರ್ಕಾರ 2015ರಲ್ಲಿ ಹಸಿರು ಹೆದ್ದಾರಿ ನೀತಿ ತಂದಾಗ ಹೆದ್ದಾರಿ ಯೋಜನೆಯ ಒಟ್ಟು ವೆಚ್ಚದಲ್ಲಿ ಶೇಕಡಾ 1ರಷ್ಟನ್ನು ಗಿಡ ನೆಡಲು, ನೋಡಿಕೊಳ್ಳಲು ಎತ್ತಿಡಬೇಕೆಂದಿತು. ಸಣ್ಣ ಮೊತ್ತವಲ್ಲ. ಈಗ ಪರಾಗಸ್ಪರ್ಶ ಮಾಡುವ ಕೀಟಗಳ ಬಗ್ಗೆ ಕಾಳಜಿ ಹೆಚ್ಚಿ, ಆ ದುಡ್ಡಿನಲ್ಲಿ ಕಣಗಲೆ ಕಿತ್ತು ಜೇನಿಗೆ ಬೇಕಾದ ಹೂಗಿಡ ನೆಡಿ ಎನ್ನುವ ಮಾತು ಅಲ್ಲಲ್ಲಿ ಕೇಳುತ್ತದೆ. ನನ್ನ ಮಟ್ಟಿಗೆ, ವಿಭಜಕದ ಕಣಗಲೆ ಇದ್ದಲ್ಲೇ ಇರಲಿ. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಎರಡು ಕಡೆಯಿಂದ ವಾಹನ ಹರಿಯುವ ಜಾಗಕ್ಕೆ ದುಂಬಿಯನ್ನು ಊಟಕ್ಕೆ ಕರೆಯುವುದು ಉಪಕಾರವಲ್ಲ. ಅದಕ್ಕೆ ಊಟ ಸಿಗಬೇಕಾದ ಜಾಗ ಬೇರೆ ಇದೆ. ಅಲ್ಲಿ ನಾವು ಏನನ್ನೂ ನೆಡಬೇಕಾಗಿಲ್ಲ, ಇರುವುದನ್ನು ಕೆರೆಯದಿದ್ದರೆ ಸಾಕು.

ಹೆದ್ದಾರಿ ಬಿಟ್ಟು ಬಯಲುಸೀಮೆಯ ಯಾವುದಾದರೂ ಹಳ್ಳಿದಾರಿಗೆ ಇಳಿಯಿರಿ. ಗರಸು ಮಣ್ಣಿನ ಅಂಚಿನಲ್ಲಿ, ಕಲ್ಲಿನ ಸಂದಿಯಲ್ಲಿ ತಂಗಡಿ ಗಿಡ ಹಳದಿಯಾಗಿ ನಿಂತಿರುತ್ತದೆ. ಕೆಲವು ಕಡೆ ಆವರಿಕೆ ಎನ್ನುತ್ತಾರೆ. ಅದರ ಹೂವನ್ನು ಹತ್ತಿರದಿಂದ ನೋಡಿದರೆ ಕೇಸರಗಳು ಒಂದೇ ಅಳತೆಯವಲ್ಲ. ನಡುವೆ ಕೆಲವು ಗಿಡ್ಡ, ಕೆಳಗೆ ಕೆಲವು ಉದ್ದ, ಕೊಕ್ಕಿನಂತೆ ಬಾಗಿದವು. ಇದರಲ್ಲೂ ಮಕರಂದವಿಲ್ಲ, ಆದರೆ ಇದು ಕಣಗಲೆಯ ಹಾಗೆ ಮೋಸದ ಹೂವಲ್ಲ. ಇಲ್ಲಿ ಕೊಡುವ ಸಂಬಳ ಪರಾಗ. ಆ ಪರಾಗ ಸುಮ್ಮನೆ ಕೈಗೆ ಸಿಗುವುದಿಲ್ಲ. ಪರಾಗಕೋಶಗಳು ಬಿರಿದು ತೆರೆದುಕೊಳ್ಳುವುದಿಲ್ಲ, ತುದಿಯಲ್ಲಿ ಸಣ್ಣ ರಂಧ್ರವಷ್ಟೇ ಇರುತ್ತದೆ. ಅಲುಗಿಸಿದರೆ ಮಾತ್ರ ಪುಡಿ ಹೊರಬರುತ್ತದೆ.

ಅಲುಗಿಸುವ ಕೆಲಸಕ್ಕೆ ಬರುವುದು ಕರಿ ದುಂಬಿ ಮತ್ತು ಹೊಟ್ಟೆಯ ಮೇಲೆ ನೀಲಿ ಪಟ್ಟೆಗಳಿರುವ ಅದರ ಚಿಕ್ಕ ನೆಂಟ. ನೀಲಿಪಟ್ಟೆ ದುಂಬಿ ಹೂವಿನ ಮೇಲೆ ಕೂತು ಕೇಸರಗಳನ್ನು ಅಪ್ಪಿ ಹಿಡಿಯುತ್ತದೆ. ರೆಕ್ಕೆಯನ್ನು ಬಡಿಯದೆ, ಹಾರಾಟಕ್ಕೆಂದು ಇರುವ ಎದೆಯ ಸ್ನಾಯುಗಳನ್ನಷ್ಟೇ ಸೆಕೆಂಡಿಗೆ ಕೆಲವು ನೂರು ಸಲ ನಡುಗಿಸುತ್ತದೆ. ಒಂದು ಅಡಿ ದೂರದಲ್ಲಿ ನಿಂತರೆ ಆ ಝೇಂಕಾರ ಸ್ಪಷ್ಟವಾಗಿ ಕೇಳುತ್ತದೆ. ಹಾರುವಾಗಿನ ಸದ್ದಿಗಿಂತ ಅದು ತುಸು ಚೂಪು, ಬಿಟ್ಟು ಬಿಟ್ಟು ಬರುತ್ತದೆ. ಪ್ರತಿ ಝೇಂಕಾರಕ್ಕೂ ಗಿಡ್ಡ ಕೇಸರದಿಂದ ಉದುರಿದ್ದು ದುಂಬಿಯ ಊಟ. ಉದ್ದ ಕೇಸರದಿಂದ ಹಾರಿದ್ದು ಅದರ ಮೈಗೆ, ತನಗೆ ಸುಲಭವಾಗಿ ಕಾಲೆಟುಕದ ಜಾಗಕ್ಕೆ ಅಂಟಿ ಇನ್ನೊಂದು ಗಿಡಕ್ಕೆ ಹೋಗುತ್ತದೆ. ಜೇನುಪೆಟ್ಟಿಗೆಯ ತುಡುವೆಗೆ ಈ ವಿದ್ಯೆ ಬರುವುದಿಲ್ಲ. ಹೆಜ್ಜೇನಿಗೂ ಬರುವುದಿಲ್ಲ.

ಇದರಿಂದ ರೈತನಿಗೇನು? ಬದನೆ, ಟೊಮೆಟೊ ಹೂಗಳ ಪರಾಗಕೋಶವೂ ಇದೇ ರೀತಿ ತುದಿಯಲ್ಲಿ ತೂತಿರುವ ಕೊಳವೆ. ಗಾಳಿಗೆ ಅಲುಗಿ ಅಷ್ಟಿಷ್ಟು ಉದುರುತ್ತದೆ, ದುಂಬಿ ಬಂದು ನಡುಗಿಸಿದರೆ ಕಾಯಿ ಕಚ್ಚುವುದು ಹೆಚ್ಚು. ಆದರೆ ಬದನೆಯ ಹೊಲ ದುಂಬಿಯನ್ನು ವರ್ಷವಿಡೀ ಸಾಕುವುದಿಲ್ಲ. ಹೂವಿಗೆ ಮುಂಚೆ ಮತ್ತು ಬೆಳೆ ತೆಗೆದ ಮೇಲೆ ಅದು ಎಲ್ಲಾದರೂ ಉಣ್ಣಲೇಬೇಕು. ಆ ತಿಂಗಳುಗಳಲ್ಲಿ ಅದನ್ನು ಸಾಕುವುದು ದಾರಿಬದಿಯ ತಂಗಡಿ, ಎಕ್ಕ, ತುಂಬೆ. ಕಲಬುರಗಿ ಕಡೆಯ ತೊಗರಿ ಹೂವಿಗೆ ಬರುವ ಎಲೆ ಕತ್ತರಿಸುವ ದುಂಬಿಗಳ ಕಥೆಯೂ ಇಂಥದ್ದೇ. ಒಂಟಿಯಾಗಿ ಬದುಕುವ ಸಣ್ಣ ದುಂಬಿಗಳು ಗೂಡಿನಿಂದ ಸಾಮಾನ್ಯವಾಗಿ ಕೆಲವೇ ನೂರು ಮೀಟರ್ ದೂರ ಹೋಗುತ್ತವೆ. ಆದ್ದರಿಂದ ಊರಾಚೆಯ ಅಭಯಾರಣ್ಯ ಅವಕ್ಕೆ ಲೆಕ್ಕಕ್ಕಿಲ್ಲ, ಹೊಲದ ಪಕ್ಕದ ದಾರಿಯೇ ಬೇಕು.

ಜಗತ್ತಿನಲ್ಲಿ ಸುಮಾರು 20,000 ಜಾತಿಯ ಜೇನು-ದುಂಬಿಗಳಿವೆ, ಭಾರತದಲ್ಲೇ 700ಕ್ಕೂ ಹೆಚ್ಚು. ಜೇನೆಂದರೆ ನಮ್ಮ ಕಣ್ಣಿಗೆ ಕಟ್ಟುವುದು ತಟ್ಟಿ, ಪೆಟ್ಟಿಗೆ, ತುಪ್ಪ. ಆದರೆ ತಟ್ಟಿ ಕಟ್ಟುವವು ಬೆರಳೆಣಿಕೆಯ ಜಾತಿಗಳು. ಹೆಚ್ಚಿನವು ನೆಲದಲ್ಲಿ ಬಿಲ ಕೊರೆದು ಮೊಟ್ಟೆಯಿಡುತ್ತವೆ. ನೀಲಿಪಟ್ಟೆ ದುಂಬಿಗೆ ಮಣ್ಣಿನ ದಿಣ್ಣೆಯ ಬದಿ, ಹಳೆಯ ಮಣ್ಣುಗೋಡೆ ಇಷ್ಟ. ಕರಿ ದುಂಬಿಗೆ ಒಣಗಿದ ಕೊಂಬೆ, ಬಿದಿರು ಬೇಕು. ಸಂಜೆ ಬೆಳಕು ಇಳಿಯುವಾಗ ದಾರಿಬದಿಯ ಒಣ ಕಡ್ಡಿಗಳನ್ನು ಗಮನಿಸಿ ನೋಡಿ. ನೀಲಿಪಟ್ಟೆಯ ಗಂಡುಗಳು ಕಡ್ಡಿಯನ್ನು ದವಡೆಯಲ್ಲಿ ಕಚ್ಚಿಕೊಂಡು, ಮೈಯನ್ನು ಗಾಳಿಗೆ ಬಿಟ್ಟು, ಸಾಲಾಗಿ ನಿದ್ದೆ ಮಾಡುತ್ತಿರುತ್ತವೆ. ಹೂವಿಲ್ಲದ ಒಣ ಕಡ್ಡಿ, ಹುಲ್ಲಿಲ್ಲದ ಬೋಳು ದಿಣ್ಣೆ ನಮಗೆ ಸ್ವಚ್ಛ ಮಾಡಬೇಕಾದ ಜಾಗ. ಅವಕ್ಕೆ ಅದೇ ಮನೆ, ಅದೇ ಹಾಸಿಗೆ.

ಇಲ್ಲಿಗೆ ಬರುತ್ತದೆ ಜಂಗಲ್ ಕಟಿಂಗ್. ಲೋಕೋಪಯೋಗಿ ಇಲಾಖೆಯ ರಸ್ತೆ ಇರಲಿ, ಪಂಚಾಯಿತಿಯ ದಾರಿ ಇರಲಿ, ವಿದ್ಯುತ್ ತಂತಿಯ ಕೆಳಗಿನ ಜಾಗ ಇರಲಿ, ವರ್ಷಕ್ಕೊಮ್ಮೆ ಈ ಹೆಸರಿನಲ್ಲಿ ಒಂದು ಬಿಲ್ ಆಗುತ್ತದೆ. ಮಳೆ ನಿಂತ ಮೇಲೆ, ತುಂಬೆ ಬಿಳಿಯಾಗಿ ತುಂಬಿಕೊಂಡ ಹೊತ್ತಿಗೇ ಮಚ್ಚು, ಕಟ್ಟರ್, ಕೆಲವೊಮ್ಮೆ ಜೆಸಿಬಿ ಬರುತ್ತದೆ. ಕುಡುಗೋಲು ಕತ್ತರಿಸಿದ್ದು ಮತ್ತೆ ಚಿಗುರುತ್ತದೆ. ಜೆಸಿಬಿ ಮೇಲ್ಮಣ್ಣಿನ ಸಮೇತ ಕೆರೆದರೆ ನೆಲದೊಳಗಿನ ಗೂಡು, ಬೀಜ ಎಲ್ಲ ಒಟ್ಟಿಗೆ ಹೋಗುತ್ತವೆ. ಆ ಬೋಳು ಮಣ್ಣಿನಲ್ಲಿ ಮೊದಲು ಎದ್ದು ನಿಲ್ಲುವುದು ಪಾರ್ಥೇನಿಯಂ, ಅದೇ ನಮ್ಮ ಕಾಂಗ್ರೆಸ್ ಗಿಡ. ಮರು ವರ್ಷ ಅದನ್ನು ಕೀಳಲು ಇನ್ನೊಂದು ಬಿಲ್.

ಕತ್ತರಿಸಲೇಬಾರದು ಎನ್ನುವಂತಿಲ್ಲ. ತಿರುವಿನಲ್ಲಿ ಎದುರಿನ ಬೈಕು ಕಾಣಬೇಕು, ನಡೆದು ಹೋಗುವವರಿಗೆ ಹಾವಿನ ಭಯ ಇರಬಾರದು, ಬೇಸಿಗೆಯಲ್ಲಿ ಒಣಹುಲ್ಲಿಗೆ ಬೆಂಕಿ ತಗಲಬಾರದು. ಸಮಾಧಾನದ ಸಂಗತಿಯೆಂದರೆ, ಈ ವಿಷಯದಲ್ಲಿ ಚಾಲಕನಿಗೂ ದುಂಬಿಗೂ ಜಗಳವಿಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ರಸ್ತೆಯಂಚುಗಳನ್ನು ಅಳೆದು, ಕೀಟಗಳನ್ನು ಎಣಿಸಿ ನೋಡಿದ ಅಧ್ಯಯನದ ಪ್ರಕಾರ, ಡಾಂಬರಿಗೆ ತಗುಲಿದ ಮೊದಲ ಎರಡು ಮೀಟರಿನಲ್ಲಿ ಪರಾಗಸ್ಪರ್ಶಿಗಳು ಕಡಿಮೆ, ಅದರಾಚೆ ಹೆಚ್ಚು. ವಾಹನ ದಟ್ಟವಾದಷ್ಟೂ ಅವು ಕಡಿಮೆ, ಹೂ ಬಿಡುವ ಕಾಲದಲ್ಲಿ ಕತ್ತರಿಸಿದಲ್ಲಿ ಇನ್ನೂ ಕಡಿಮೆ. ನಮ್ಮ ದಾರಿಗೆ ಈ ಲೆಕ್ಕ ಹೊಂದಿಸಿದರೆ ಮೊದಲ ಎರಡು ಮೀಟರ್ ಕತ್ತರಿಸಿ ದೃಷ್ಟಿಗೆ ಬಿಡಿ, ಹಿಂದಿನದನ್ನು ಬೀಜ ಉದುರುವ ತನಕ ಮುಟ್ಟಬೇಡಿ ಎಂದಾಗುತ್ತದೆ.

ಅದೇ ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ 2011ರಲ್ಲಿ ತೆರೆದ ವೇಮತ್ ಬೈಪಾಸ್ ರಸ್ತೆಯದು ಇನ್ನೊಂದು ಪಾಠ. ಅಲ್ಲಿ ಇಳಿಜಾರುಗಳ ಮೇಲೆ ಫಲವತ್ತಾದ ಮಣ್ಣು ಹರಡುವ ವಾಡಿಕೆಯನ್ನು ಕೈಬಿಟ್ಟು ಬರೀ ಸುಣ್ಣಕಲ್ಲಿನ ನೆಲಕ್ಕೆ ತೆಳ್ಳಗೆ ಮಣ್ಣು ಮುಚ್ಚಿ ಕಾಡುಹೂವಿನ ಬೀಜ ಚೆಲ್ಲಿದರು. ಬಡ ಮಣ್ಣಿನಲ್ಲಿ ಹುಲ್ಲು ಸೊಕ್ಕಲಿಲ್ಲ, ಹೂಗಳು ಗೆದ್ದವು. ಅಪರೂಪದ ಪುಟ್ಟ ನೀಲಿ ಚಿಟ್ಟೆ ಬಂದು ನೆಲೆಸಿತು, ಹುಲ್ಲು ಕತ್ತರಿಸುವ ಖರ್ಚೂ ಉಳಿಯಿತು. ಬ್ರಿಟನ್ನಿನವರು ಈ ಪಾಡು ಪಡುವುದಕ್ಕೆ ಕಾರಣವಿದೆ. 1930ರ ದಶಕದಿಂದೀಚೆಗೆ ತಮ್ಮ ಹೂವಿನ ಹುಲ್ಲುಗಾವಲುಗಳಲ್ಲಿ ಶೇಕಡಾ 97ರಷ್ಟನ್ನು ಕಳೆದುಕೊಂಡ ಮೇಲೆ ಅವರಿಗೆ ರಸ್ತೆಯಂಚು ನೆನಪಾಯಿತು. ನಮ್ಮಲ್ಲಿ ಗರಸು ಮಣ್ಣಿಗೆ ಕೊರತೆಯಿಲ್ಲ. ಕೆಂಪು ಮಣ್ಣು ತಂದು ಸುರಿದು, ಲಾನ್ ಹಾಸಿ, ಟ್ಯಾಂಕರ್ ನೀರು ಹೊಡೆಸುವ ‘ಸುಂದರೀಕರಣ’ವನ್ನು ನಿಲ್ಲಿಸಿದರೆ ತಂಗಡಿ ತಾನೇ ಬರುತ್ತದೆ. ತಂಗಡಿ, ತಗಚೆಯಂಥ ಗಿಡಗಳು ದಟ್ಟವಾಗಿ ಬೆಳೆದಲ್ಲಿ ಪಾರ್ಥೇನಿಯಂ ಹಿಂಜರಿಯುತ್ತದೆ ಎಂಬುದನ್ನು ನಮ್ಮ ಕೃಷಿ ವಿಜ್ಞಾನಿಗಳು ಹೇಳುತ್ತ ಬಂದು ದಶಕಗಳೇ ಆದವು.

ಮರಗಳ ಮಾತು ಬೇರೆ. ಸಾಲುಮರ ಎಂದೊಡನೆ ನೆನಪಾಗುವುದು ಹುಲಿಕಲ್ಲಿನಿಂದ ಕುದೂರಿನವರೆಗೆ ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ ನೀರು ಹೊತ್ತು ಬೆಳೆಸಿದ 385 ಆಲದ ಮರಗಳು. ಆಲಕ್ಕೆ ಜೇನು ಬೇಕಿಲ್ಲ, ಅದರ ಹೂವು ಹೊರಗೆ ಕಾಣುವುದೇ ಇಲ್ಲ. ನಾವು ಹಣ್ಣೆನ್ನುವ ಗುಂಡಿನ ಒಳಗೋಡೆಯ ತುಂಬ ಹೂಗಳಿವೆ. ಅಲ್ಲಿಗೆ ಹೋಗಬಲ್ಲದ್ದು ಆಲಕ್ಕೇ ಮೀಸಲಾದ, ಸೊಳ್ಳೆಗಿಂತ ಚಿಕ್ಕದಾದ ಒಂದು ಕಣಜ. ತುದಿಯ ಕಿಂಡಿಯಲ್ಲಿ ನುಸುಳುವಾಗ ಹೆಣ್ಣಿನ ರೆಕ್ಕೆ ಕಿತ್ತುಹೋಗುತ್ತದೆ. ಅದು ಪರಾಗ ಹಚ್ಚಿ, ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಹೊಸ ಪೀಳಿಗೆಯ ಹೆಣ್ಣು ಪರಾಗ ಹೊತ್ತು ಹೊರಬಂದ ಮೇಲೆ ಅದರ ಆಯಸ್ಸು ಒಂದೆರಡು ದಿನ. ಅಷ್ಟರೊಳಗೆ ಸರಿಯಾದ ಹಂತದ ಕಾಯಿರುವ ಇನ್ನೊಂದು ಆಲ ಸಿಗಬೇಕು. ಒಂದು ಮರದ ಕಾಯಿಗಳು ಸಾಮಾನ್ಯವಾಗಿ ಒಟ್ಟಿಗೇ ಬಲಿಯುವುದರಿಂದ ತವರುಮರದಲ್ಲಿ ಅದಕ್ಕೆ ಜಾಗವಿಲ್ಲ. ಸಾಲು ಉದ್ದವಿದ್ದಷ್ಟೂ ಯಾವುದೋ ಒಂದು ಮರ ಅದಕ್ಕೆ ಸಿದ್ಧವಾಗಿರುವ ಸಾಧ್ಯತೆ ಹೆಚ್ಚು. 2019ರಲ್ಲಿ ರಸ್ತೆ ಅಗಲೀಕರಣದ ಮಾತು ಬಂದಾಗ ಆಗಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಆ ಮರಗಳನ್ನು ಉಳಿಸಲು ಸೂಚಿಸಿದ್ದು ತಿಮ್ಮಕ್ಕನ ಮೇಲಿನ ಗೌರವದಿಂದ. ಕಣಜದ ಕಡೆಯಿಂದ ನೋಡಿದರೂ ಆ ತೀರ್ಮಾನವೇ ಸರಿ. ಸಾಲಿನಿಂದ ಹತ್ತು ಮರ ಕಿತ್ತು ಬೇರೆಡೆ ನೆಟ್ಟರೆ ಮರದ ಲೆಕ್ಕ ಸರಿಹೋಗುತ್ತದೆ, ಸಾಲು ಕಡಿಯುತ್ತದೆ.

ಹೊಂಗೆ, ಹುಣಸೆಗಳ ನಷ್ಟವೂ ಹೀಗೆಯೇ. ಯುಗಾದಿಯ ಆಸುಪಾಸಿನಲ್ಲಿ ಚಿಗುರಿ ಹೂ ಬಿಡುವ ಹೊಂಗೆ, ಅದು ಮುಗಿಯುವ ಹೊತ್ತಿಗೆ ಹುಣಸೆ. ಹೊಲದಲ್ಲಿ ಹಸಿರೇ ಇಲ್ಲದ ಬಿರುಬೇಸಿಗೆಯಲ್ಲಿ ಹೆಜ್ಜೇನು, ತುಡುವೆಗಳನ್ನು ದಾಟಿಸುವುದು ಇವೇ. ಕಡಿದ ಒಂದು ಹೊಂಗೆಗೆ ಬದಲು ಹತ್ತು ಸಸಿ ನೆಟ್ಟರೂ ಹೂ ಕಾಣಲು ಐದಾರು ವರ್ಷ ಬೇಕು. ಜೇನಿಗೆ ಅಷ್ಟು ವರ್ಷ ಉಪವಾಸ ಕೂರಲು ಬರುವುದಿಲ್ಲ.

ಇಷ್ಟೆಲ್ಲ ಹೇಳಿದರೂ ರಸ್ತೆ ರಸ್ತೆಯೇ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಗೀತಾ ತಿಮ್ಮೇಗೌಡ, ಶಾನನ್ ಓಲ್ಸನ್ ಮತ್ತು ಸಂಗಡಿಗರು ನಾಲ್ಕು ವರ್ಷ ಸುಮಾರು 1,800 ಹೆಜ್ಜೇನುಗಳನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನ ಓದಿದರೆ ಹುಮ್ಮಸ್ಸು ಕೊಂಚ ಇಳಿಯುತ್ತದೆ. ನಗರದ ಬೀದಿಗಳಲ್ಲಿ ಸಾಮಾನ್ಯವಾದ, ಹಳದಿ ಗಂಟೆಯಂಥ ಟೆಕೋಮ ಹೂವಿಗೆ ಬಂದ ಜೇನುಗಳನ್ನು ಅವರು ಬೇರೆ ಬೇರೆ ಮಟ್ಟದ ವಾಯುಮಾಲಿನ್ಯವಿರುವ ಜಾಗಗಳಲ್ಲಿ ಹಿಡಿದರು. ಮಾಲಿನ್ಯ ಹೆಚ್ಚಿದ್ದಲ್ಲಿ ಜೇನು ಹೂವಿಗೆ ಬರುವುದೇ ಕಡಿಮೆ. ಬಂದವುಗಳ ಮೈಮೇಲೆ ಸೀಸ, ಆರ್ಸೆನಿಕ್ ಬೆರೆತ ದೂಳಿನ ಕಣಗಳು. ಅಲ್ಲಿಂದ ಹಿಡಿದು ತಂದ ಜೇನುಗಳಲ್ಲಿ ಶೇಕಡಾ 80ಕ್ಕಿಂತ ಹೆಚ್ಚು 24 ಗಂಟೆಯೊಳಗೆ ಸತ್ತವು. ಹೆದ್ದಾರಿಯ ವಿಭಜಕಕ್ಕೆ ಕಣಗಲೆಯೇ ಸಾಕು ಎಂದದ್ದು ಇದಕ್ಕೇ.

ಹಾಗಾಗಿ ಸರ್ಕಾರಿ ಜಾಗವೆಂದರೆ ರಸ್ತೆಯಂಚೊಂದೇ ಅಲ್ಲ ಎಂಬುದನ್ನು ಕಂದಾಯ ದಾಖಲೆಯಿಂದ ನೆನಪಿಸಿಕೊಳ್ಳಬೇಕು. ಗೋಮಾಳ, ಗುಂಡುತೋಪು, ಕೆರೆ ಏರಿ, ಕಾಲುವೆ ದಂಡೆ, ಸ್ಮಶಾನ. ಲಾರಿಯ ಹೊಗೆಯಿಂದ ದೂರವಿರುವ, ಹೊಲಗಳ ನಡುವೆಯೇ ಇರುವ ಜಾಗಗಳಿವು. ಗುಂಡುತೋಪಿನಲ್ಲಿ ಮಾವು, ನೇರಳೆ, ಹೊಂಗೆ, ಹುಣಸೆ ಒಂದಾದ ಮೇಲೊಂದು ಹೂ ಬಿಡುವಂತೆ ಹಿರಿಯರು ನೆಟ್ಟದ್ದು ನೆರಳಿಗೆ, ಹಣ್ಣಿಗೆ. ದುಂಬಿಯ ಯೋಚನೆ ಅವರಿಗೆ ಇತ್ತೆಂದು ನಾವು ಕಥೆ ಕಟ್ಟಬೇಕಾಗಿಲ್ಲ. ತೋಪು ಹೋಗಿ ಅಲ್ಲಿ ಸಮುದಾಯ ಭವನವೋ ಬಸ್ ನಿಲ್ದಾಣವೋ ಎದ್ದಾಗ ಸರಣಿಯಿಡೀ ಒಮ್ಮೆಲೇ ಹೋಗುತ್ತದೆ ಎನ್ನುವುದಂತೂ ಖರೆ.

ಪಂಚಾಯಿತಿಯ ಮಟ್ಟದಲ್ಲಿ ಬದಲಾಗಬೇಕಾದದ್ದು ಜಂಗಲ್ ಕಟಿಂಗಿನ ಎಸ್ಟಿಮೇಟಿನ ಎರಡು ಮೂರು ಸಾಲು. ರಸ್ತೆಯ ಎರಡೂ ಬದಿ ಪೂರ್ತಿ ತೆಗೆಯುವುದು ಎಂಬಲ್ಲಿ ಡಾಂಬರಿನಿಂದ ಎರಡು ಮೀಟರ್ ಎಂದು ಬರೆಯಬೇಕು, ತಿರುವುಗಳಲ್ಲಿ ಮಾತ್ರ ಹೆಚ್ಚು. ಅದರ ಹಿಂದಿನದಕ್ಕೆ ಜನವರಿಯಲ್ಲಿ ಒಂದು ಕಟಾವು: ಅಷ್ಟರಲ್ಲಿ ತುಂಬೆಯ ಬೀಜ ಉದುರಿರುತ್ತದೆ, ಬೆಂಕಿಯ ಕಾಲ ಇನ್ನೂ ಬಂದಿರುವುದಿಲ್ಲ. ಕಟಾವಿಗೆ ಕುಡುಗೋಲು ಸಾಕು, ಜೆಸಿಬಿ ಬೇಡ. ಕಳೆನಾಶಕವಂತೂ ಬೇಡವೇ ಬೇಡ. ಪಾರ್ಥೇನಿಯಂ ಮಾತ್ರ ಮುಂಗಾರಿನ ಹಸಿ ಮಣ್ಣಿನಲ್ಲಿ, ಹೂ ಬಿಡುವ ಮೊದಲು, ಕೈಗೆ ಗ್ಲೌಸ್ ಹಾಕಿಕೊಂಡು ಬೇರುಸಹಿತ ಕೀಳಬೇಕು. ಈ ಕೆಲಸಕ್ಕೆ ಕೂಲಿ ಹೆಚ್ಚು ಬೀಳುತ್ತದೆ, ಜೆಸಿಬಿ ಬಾಡಿಗೆ ಉಳಿಯುತ್ತದೆ.