ಒಂದು ಹಲ್ಲಿನ ಲೆಕ್ಕ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ತೋಟಿಗರ ಮನೆ ರಸ್ತೆಯ ಬದಿಗೆ ಸಿಗುವುದು ಅಪರೂಪ. ಡಾಂಬರು ಮುಗಿದ ಮೇಲೆ ಒಂದಷ್ಟು ಮಣ್ಣುದಾರಿ, ಒಂದು ಹಳ್ಳ, ದಣಪೆ, ಆಮೇಲೆ ಅಂಗಳ. ಹೊಸ ಕಾರು ತಂದವರೂ ಹಳೆಯ ಮಾರುತಿ 800 ಅನ್ನೋ ಜೀಪನ್ನೋ ಮಾರದೆ ಇಟ್ಟುಕೊಳ್ಳುವುದು ಈ ಮಣ್ಣುದಾರಿಯ ಸಲುವಾಗಿಯೇ. ಹೊಸದು ಮದುವೆ ಮನೆಗೆ, ಹಳೆಯದು ಅಡಿಕೆ ಮೂಟೆಗೆ. 800ರ ತಯಾರಿಕೆ ನಿಂತದ್ದು 2014ರಲ್ಲಿ. ಇಲ್ಲಿ ಅದಿನ್ನೂ ಹಳ್ಳ ದಾಟುತ್ತಲೇ ಇದೆ.

ಇಂಥ ಗಾಡಿಗಳನ್ನು ನೋಡಿಕೊಳ್ಳುವ ಗ್ಯಾರೇಜುಗಳಿಗೆ ಆಗೊಮ್ಮೆ ಈಗೊಮ್ಮೆ ಬರುವ ಸಣ್ಣ ಕೆಲಸವೊಂದಿದೆ: ಕಂಪನಿ ಸ್ಟೇರಿಂಗ್ ಬಿಚ್ಚಿ ಅದಕ್ಕಿಂತ ಚಿಕ್ಕದನ್ನು ಕೂರಿಸುವುದು. ಬೋರ್ಡಿನಲ್ಲಿ ಬರೆಯುವಷ್ಟು ದೊಡ್ಡ ಕೆಲಸವಲ್ಲ. ನಾನು ಅದನ್ನು ಹತ್ತಿರದಿಂದ ನೋಡಿದ್ದು ಗೆಳೆಯನೊಬ್ಬನ ದೆಸೆಯಿಂದ. ಆರಡಿ ಎತ್ತರದ ಆಳು. 800ರಲ್ಲಿ ಕುಳಿತರೆ ಮೊಣಕಾಲು ಸ್ಟೇರಿಂಗಿಗೆ ಒತ್ತುತ್ತಿತ್ತು. ದೇವಿಮನೆ ಘಟ್ಟದ ಪ್ರತಿ ತಿರುವಿನಲ್ಲೂ ಕೈ ಕಾಲಿಗೆ, ಕಾಲು ಕೈಗೆ ಅಡ್ಡ. ಚಿಕ್ಕ ಚಕ್ರ ಅವನಿಗೆ ಶೋಕಿಯಾಗಿರಲಿಲ್ಲ. ಸ್ವಲ್ಪ ಶೋಕಿಯೂ ಇತ್ತು ಅನ್ನಿ.

ಆಲೆಮನೆ ನೋಡಿದವರಿಗೆ ಚಿಕ್ಕ ಚಕ್ರದ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಗಾಣಕ್ಕೆ ಕೋಣ ಕಟ್ಟುವ ಮರ ಉದ್ದವಿದ್ದಷ್ಟೂ ಕೋಣಕ್ಕೆ ಹಗುರ, ಆದರೆ ಸುತ್ತುವ ದಾರಿ ದೂರ. ಮರ ಮೋಟಾದರೆ ದಾರಿ ಹತ್ತಿರ, ಕೋಣದ ಹೆಗಲು ಭಾರ. ಗೆಳೆಯನ ಗಾಡಿಯ ಹಳೆಯ ಚಕ್ರವನ್ನು ಟೇಪಿನಲ್ಲಿ ಅಳೆದರೆ 38 ಸೆಂಟಿಮೀಟರು, ಅವನು ತಂದಿದ್ದ ಹೊಸದು 35. ಅಂದರೆ ಅಂಚಿನಲ್ಲಿ ಹಾಕಬೇಕಾದ ಬಲ ಶೇ 8ಕ್ಕೂ ಸ್ವಲ್ಪ ಹೆಚ್ಚು. ಅದೇ 32ರ ಚಕ್ರವಾಗಿದ್ದರೆ ಶೇ 19ರ ಹತ್ತಿರ. ಓಡುವ ಗಾಡಿಯಲ್ಲಿ ಇದು ಗೊತ್ತಾಗುವುದಿಲ್ಲ. ನಿಂತಲ್ಲೇ ತಿರುಗಿಸುವಾಗ, ಅದರಲ್ಲೂ ಪವರ್ ಸ್ಟೇರಿಂಗ್ ಇಲ್ಲದ ಗಾಡಿಯಲ್ಲಿ, ರಟ್ಟೆಗೆ ಗೊತ್ತಾಗುತ್ತದೆ. ಚಕ್ರ ಚಿಕ್ಕದಾದರೆ ಗಾಡಿ ಬೇಗ ತಿರುಗುತ್ತದೆಂಬ ನಂಬಿಕೆ ಮಾತ್ರ ಪೂರ್ತಿ ನಿಜವಲ್ಲ. ಕೆಳಗಿನ ಹಲ್ಲುಗಾಲಿಗಳು ಬದಲಾಗುವುದಿಲ್ಲ, ಈ ತುದಿಯಿಂದ ಆ ತುದಿಗೆ ಎಷ್ಟು ಸುತ್ತೋ ಅಷ್ಟೇ ಸುತ್ತು. ಕೈ ಸವೆಸುವ ದಾರಿ ಕಡಿಮೆಯಾಗುತ್ತದೆ, ಅಷ್ಟೇ.

ಈ ಶೋಕಿಗೆ ಹೆಸರು ಕೊಟ್ಟಿದ್ದು ಇಟಲಿಯವರು. ಜಾನ್‌ಪಿಯೆರೊ ಮೊರೆಟ್ಟಿ ಎಂಬ ರೇಸುಗಾರ ತನ್ನ ಕಾರಿಗೆಂದು ಒಂದು ಚಕ್ರ ಮಾಡಿಸಿಕೊಂಡ. ಅದು ಕಂಡು ಹಿಡಿಸಿ ಜಾನ್ ಸರ್ಟೀಸ್ ತನ್ನ ಫೆರಾರಿಗೂ ಹಾಕಿಸಿಕೊಂಡ, 1964ರಲ್ಲಿ ಫಾರ್ಮುಲಾ ಒನ್ ಚಾಂಪಿಯನ್ನೂ ಆದ. ಮೊರೆಟ್ಟಿಯ ಮೊದಲಕ್ಷರ, ಮೋಂಜಾ ರೇಸ್ ಟ್ರ್ಯಾಕಿನ ಮೊದಲಕ್ಷರ ಸೇರಿ ಮೋಮೊ. ನಮ್ಮ ಬಿಡಿಭಾಗದ ಅಂಗಡಿಗಳಲ್ಲಿ ಅದೇ ಹೆಸರು ಅಚ್ಚೊತ್ತಿದ ನಕಲಿ ಚಕ್ರಗಳೂ ಬರುತ್ತವೆ. ಕಡ್ಡಿಗಳು ತಗಡಿನಷ್ಟು ತೆಳ್ಳಗೆ. ಗೆಳೆಯ ತಂದ ಚಕ್ರವನ್ನು ಗ್ಯಾರೇಜಿನ ಮಿಸ್ತ್ರಿ ಮೊದಲು ನೆಲಕ್ಕೆ ಒರಗಿಸಿ, ಎರಡೂ ಅಂಗೈ ಊರಿ, ಮೈಭಾರ ಬಿಟ್ಟು ಒತ್ತಿ ನೋಡಿದ. ಬಾಗಲಿಲ್ಲ. ಬಾಗಿದ್ದರೆ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು.

ಕೆಲಸ ಶುರುವಾದದ್ದು ಬ್ಯಾಟರಿಯ ನೆಗೆಟಿವ್ ವೈರಿನಿಂದ. ಅದನ್ನು ಕಳಚಿ, ಮುಂದಿನ ಗಾಲಿ ನೆಟ್ಟಗೆ ನಿಲ್ಲಿಸಿ, ಹಾರ್ನಿನ ಮುಚ್ಚಳ ಎಬ್ಬಿಸಿದರೆ ನಡುವೆ ಒಂದೇ ಒಂದು ದೊಡ್ಡ ನಟ್ಟು. ಮಿಸ್ತ್ರಿಯ ಕೈಕೆಳಗಿನ ಹುಡುಗ ಪಾನಾ ಹಾಕಿ ಸಡಿಲಿಸಿ ಇನ್ನೇನು ಪೂರ್ತಿ ತೆಗೆಯಬೇಕು, ಮಿಸ್ತ್ರಿ ಗದರಿದ. “ಎರಡು ಸುತ್ತು ಇರ್ಲಿ ಅಂದೆ. ಹಲ್ಲು ಉದುರ್ತದೆ.” ವರ್ಷಗಟ್ಟಲೆ ಕಚ್ಚಿಕೊಂಡ ಚಕ್ರವನ್ನು ಜಗ್ಗಿದಾಗ ಅದು ಒಮ್ಮೆಲೇ ಕಿತ್ತು ಮುಖಕ್ಕೆ ಬರುತ್ತದೆ. ನಟ್ಟು ತುದಿಯಲ್ಲಿದ್ದರೆ ಅಲ್ಲೇ ತಡೆಯುತ್ತದೆ. ಬಾರದಿದ್ದರೆ ಪುಲ್ಲರ್ ಹಾಕಬೇಕು. ಸುತ್ತಿಗೆ ಕೂಡದು, ಪೆಟ್ಟು ಇಡೀ ಕಾಲಮ್ಮಿಗೆ ಇಳಿಯುತ್ತದೆ.

ಚಕ್ರ ಬಂದ ಮೇಲೆ ಕಂಡದ್ದು ಹೆಬ್ಬೆರಳು ಗಾತ್ರದ ಉಕ್ಕಿನ ಶಾಫ್ಟು. ಅದರ ಸುತ್ತ ಸಣ್ಣ ಸಣ್ಣ ಹಲ್ಲು. ಹೊಸ ಚಕ್ರ ನೇರವಾಗಿ ಇದರ ಮೇಲೆ ಕೂರುವುದಿಲ್ಲ. ನಡುವೆ ಬಾಸ್ ಕಿಟ್ ಎಂಬ ಬಟ್ಟಲಿನಂಥ ತುಂಡು ಬೇಕು. ಅದರ ಒಳಗಿನ ಹಲ್ಲು ಆಯಾ ಗಾಡಿಯ ಶಾಫ್ಟಿಗೆ ಹೊಂದಬೇಕು, ಹೊರಮುಖದ ಆರು ತೂತು ಚಕ್ರಕ್ಕೆ ಹೊಂದಬೇಕು. ಆ ತೂತುಗಳು ಮೋಮೊ ಲೆಕ್ಕದಲ್ಲಿ 70 ಮಿಲಿಮೀಟರ್ ವೃತ್ತದಲ್ಲಿರುತ್ತವೆ, ನಾರ್ಡಿ ಎಂಬ ಇನ್ನೊಂದು ಕಂಪನಿಯ ಲೆಕ್ಕದಲ್ಲಿ 74. ನಾಲ್ಕು ಮಿಲಿಮೀಟರ್ ಅಂತರಕ್ಕೆ ಎಷ್ಟೋ ಚಕ್ರಗಳು ಅಂಗಡಿಗೆ ವಾಪಸಾಗುತ್ತವೆ.

ಮಿಸ್ತ್ರಿ ಶಾಫ್ಟಿನ ನೆತ್ತಿಗೆ ಬಿಳಿ ಬಣ್ಣದ ಚುಕ್ಕಿ ಇಟ್ಟು, ಬಾಸ್ ಕೂರಿಸಿ, ಇಂಡಿಕೇಟರನ್ನು ಹಿಂದಕ್ಕೆ ತರುವ ಮೊಳೆ ತನ್ನ ಗುಳಿಯಲ್ಲಿ ಕೂತಿತೇ ನೋಡಿ, ನಟ್ಟು ಬಿಗಿದ. ಹಾರ್ನಿನ ವೈರು ಸಿಕ್ಕಿಸಿದ. ಪೂರ್ತಿ ಎಡಕ್ಕೆ ತಿರುಗಿಸಿ ಒಂದು ಸಲ, ಪೂರ್ತಿ ಬಲಕ್ಕೆ ತಿರುಗಿಸಿ ಒಂದು ಸಲ ಹಾರ್ನ್ ಹೊಡೆದ. ಘಟ್ಟದಲ್ಲಿ ಹಾರ್ನ್ ಬೇಕಾಗುವುದೇ ಚಕ್ರ ಸೊಟ್ಟ ಇರುವಾಗ. ಅರಬೈಲಿನ ತಿರುವಿನಲ್ಲಿ ಎದುರಿನಿಂದ ಲಾರಿ ಬರುತ್ತಿದ್ದರೆ ಅದು ಕಿವಿಗೆ ಮೊದಲು, ಕಣ್ಣಿಗೆ ಆಮೇಲೆ.

ಆಮೇಲೆ ರಸ್ತೆಗೆ. ಗಾಡಿ ನೆಟ್ಟಗೆ ಹೋಗುತ್ತಿದೆ, ಚಕ್ರ ಮಾತ್ರ ಎಡಕ್ಕೆ ವಾಲಿದೆ. ಮಿಸ್ತ್ರಿ ಏನೂ ಅನ್ನಲಿಲ್ಲ, ಗಾಡಿ ತಿರುಗಿಸಿದ. ಒಂದು ಹಲ್ಲು ತಪ್ಪಿತ್ತು. ಶಾಫ್ಟಿಗೆ 36 ಹಲ್ಲಿದ್ದರೆ ಒಂದು ಹಲ್ಲೆಂದರೆ 10 ಡಿಗ್ರಿ. ಆರು ಬೋಲ್ಟಿನ ಜಾಗ ಬದಲಿಸಿ ಇದನ್ನು ಸರಿಪಡಿಸಲಾಗದು, ಅಲ್ಲಿ ಒಂದು ಹೆಜ್ಜೆ ಎಂದರೆ 60 ಡಿಗ್ರಿ. ಅವಸರದವರು ಕೆಳಗೆ ನುಗ್ಗಿ ಟೈ ರಾಡ್ ತಿರುಗಿಸಿ ಗಾಲಿಯನ್ನೇ ಚಕ್ರಕ್ಕೆ ಹೊಂದಿಸುತ್ತಾರೆ. ನೋಡಲು ನೆಟ್ಟಗಾಗುತ್ತದೆ. ಆದರೆ ಗಾಡಿ ಒಂದು ಬದಿಗೆ ಹೆಚ್ಚು, ಇನ್ನೊಂದು ಬದಿಗೆ ಕಡಿಮೆ ತಿರುಗತೊಡಗುತ್ತದೆ, ಮತ್ತು ಅದು ತಿಳಿಯುವುದು ಘಟ್ಟದ ತಿರುವಿನಲ್ಲೇ. ಈತ ಮತ್ತೆ ಎಲ್ಲ ಬಿಚ್ಚಿದ. ನಟ್ಟಿನಿಂದ ನಟ್ಟಿನವರೆಗೆ ಅದೇ ಕ್ರಮ, ಹುಡುಗನಿಗೆ ಅದೇ ಗದರಿಕೆ. ಈ ಕೆಲಸದ ಕಸುಬುದಾರಿಕೆ ಚಕ್ರ ಹಾಕುವುದರಲ್ಲಿಲ್ಲ, ಇನ್ನೊಮ್ಮೆ ಬಿಚ್ಚಲು ಬೇಸರಿಸದ ಈ ಬುದ್ಧಿಯಲ್ಲಿದೆ ಎಂದು ನನಗನ್ನಿಸಿತು.

ಬೇಡ ಅನ್ನುವುದೂ ಅದರಲ್ಲೇ ಸೇರಿದೆ. ನಾವು ಇರುವಾಗಲೇ ಹೊಸ ಕಾರಿನ ಹುಡುಗನೊಬ್ಬ ಬಂದು ನನಗೂ ಇಂಥದ್ದೇ ಹಾಕಿಕೊಡಿ ಎಂದ. ಮಿಸ್ತ್ರಿ ಕೈ ಒರೆಸಿಕೊಳ್ಳುತ್ತ ಹೇಳಿದ, “ಅದನ್ನ ನಾ ಮುಟ್ಟೂದಿಲ್ಲ.” 2019ರ ಜುಲೈಯಿಂದ ಎಲ್ಲ ಹೊಸ ಕಾರಿಗೂ ಚಾಲಕನ ಏರ್‌ಬ್ಯಾಗ್ ಕಡ್ಡಾಯ. ಅದು ಇರುವುದು ಸ್ಟೇರಿಂಗಿನ ಹೊಟ್ಟೆಯಲ್ಲೇ. ಚಕ್ರ ತೆಗೆದರೆ ಏರ್‌ಬ್ಯಾಗೂ ಹೋಯಿತು, ತೆಗೆಯುವಾಗ ತಪ್ಪಿದರೆ ಕೈಯಲ್ಲೇ ಸಿಡಿಯಬಹುದು. ಕಾನೂನಿನ ಗಂಟೂ ಇದೆ. ನೋಂದಣಿ ಪತ್ರದಲ್ಲಿ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. ಅದನ್ನು ಬಿಗಿಯಾಗಿ ಓದಬೇಕೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತೀರ್ಪು ಕೊಟ್ಟಿತು. ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ನೋಂದಣಿ ಪತ್ರದಲ್ಲಿ ಸ್ಟೇರಿಂಗಿನ ಅಳತೆ ಬರೆದಿರುವುದಿಲ್ಲ, ನಿಜ. ಆ ವಾದವನ್ನು ರಸ್ತೆ ಬದಿಯಲ್ಲಿ ಮಳೆಯಲ್ಲಿ ನಿಂತು ಹೂಡುವ ಉತ್ಸಾಹ ಇದ್ದವರು ಹೂಡಬಹುದು. ಕೆಎ 31ರ, ಅಂದರೆ ಶಿರಸಿಯ ಆರ್‌ಟಿಒ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳುವುದು ವಾಸಿ.

ಹಳೆಯ ಚಕ್ರವನ್ನು ಮಿಸ್ತ್ರಿ ಗೋಣಿಚೀಲಕ್ಕೆ ಹಾಕಿ ಹಿಂದಿನ ಸೀಟಿನಲ್ಲಿಟ್ಟ. ಅದರ ಅಂಚಿನಲ್ಲಿ ಎಡಗೈ ಹಿಡಿಯುವ ಕಡೆ ಪ್ಲಾಸ್ಟಿಕ್ಕು ಸವೆದು ಹೊಳೆಯುತ್ತಿತ್ತು. ಮನೆ ಮುಟ್ಟಿದಾಗ ಸಂಜೆ. ಗೆಳೆಯನ ಅಪ್ಪ, ಎಪ್ಪತ್ತು ದಾಟಿದವರು, ಅಡಿಕೆ ಹೇರಿಕೊಂಡು ಈಗಲೂ ತಾವೇ ಗಾಡಿ ಹೊಡೆಯುವವರು, ಸೀಟಿಗೆ ಹತ್ತಿ ಕೊಟ್ಟಿಗೆಯ ಪಕ್ಕ ನಿಂತಲ್ಲೇ ತಿರುಗಿಸಿ ನೋಡಿದರು. ಎರಡು ಸಲ ಹಲ್ಲು ಕಚ್ಚಿದರು. ಇಳಿದು ಚೀಲ ಎತ್ತಿಕೊಂಡರು.

“ಅಡ್ಡಿಲ್ಲೆ. ಹಳೇದ್ನ ಒಗ್ಯಡ, ಮೆತ್ತಿ ಮೇಲೆ ಇಡು. ಕೊಯ್ಲಿಗೆ ಬೇಕಾಗ್ತು.”