ಬೆಟ್ಟಕ್ಕೆ ಹೋದ್ರೂ ಪ್ರಾಣಿ ಯಾಕೆ ಕಾಣಲ್ಲ? ಬಿಆರ್‌ಟಿ ಕಾಡಲ್ಲಿ ಕಣ್ಣಿಗಿಂತ ಕಿವಿಗೆ ಕೆಲಸ ಜಾಸ್ತಿ

ಯಳಂದೂರು: ಬಿಳಿಗಿರಿರಂಗನ ಬೆಟ್ಟದಿಂದ ಇಳಿದು ಬಂದವರು ಟೀ ಅಂಗಡೀಲಿ ಹೇಳೋ ಮಾತು ಹೆಚ್ಚುಕಮ್ಮಿ ಒಂದೇ. 'ಅಷ್ಟು ದೊಡ್ಡ ಕಾಡು, ಒಂದು ಜಿಂಕೇನೂ ಕಾಣ್ಲಿಲ್ಲ ಕಣ್ರೀ.' ಹಾಗಂತ ಕಾಡು ಖಾಲಿ ಇಲ್ಲ. 1974ರಲ್ಲಿ ವನ್ಯಧಾಮವಾಗಿ, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಇಲ್ಲಿ ಹುಲಿ, ಚಿರತೆ, ಆನೆ, ಕಾಟಿ, ಕರಡಿ, ಸೀಳುನಾಯಿ ಎಲ್ಲಾ ಇವೆ.

ತೊಂದರೆ ಇರೋದು ಲಂಟಾನದಲ್ಲಿ. ರಸ್ತೆಯ ಎರಡೂ ಕಡೆ ಪೊದೆ ಗೋಡೆ ಥರ ಬೆಳೆದಿದೆ. ಹತ್ತು ಮಾರು ದೂರದಲ್ಲಿ ಆನೆ ನಿಂತಿದ್ರೂ ಗೊತ್ತಾಗಲ್ಲ. ಹಿಂದೆ ತಾವು ಹಾಕ್ತಿದ್ದ ತರಗು ಬೆಂಕಿ ನಿಂತ ಮೇಲೇ ಇದು ಹೀಗೆ ಹಬ್ಬಿತು ಅಂತಾರೆ ಸೋಲಿಗರು. ಅದಕ್ಕೇ ಇಲ್ಲಿ ಕೇಳಿಸಿಕೊಳ್ಳಬೇಕು.

ಹುಲಿನೋ ಚಿರತೆನೋ ಓಡಾಡಿದ್ರೆ ಮೊದಲು ಗೊತ್ತಾಗೋದು ಮರದ ಮೇಲಿರೋ ಮುಸುವಕ್ಕೆ. 'ಖೊಕ್, ಖೊಕ್' ಅಂತ ಕೆಮ್ಮಿದ ಹಾಗೆ ಕೂಗುತ್ತೆ. ಜಿಂಕೆ ಕೂಗು ಚೂಪಾಗಿರುತ್ತೆ, ಆದ್ರೆ ಅದು ಸುಮ್‌ಸುಮ್ನೆ ಬೆದರೋದೂ ಉಂಟು. ಕಾಡುಕುರಿ ನಾಯಿ ಥರ ಬೊಗಳುತ್ತೆ, ಅದನ್ನೂ ಪೂರ್ತಿ ನಂಬಕ್ಕಾಗಲ್ಲ. ಕಡವೆ ಹಂಗಲ್ಲ. ಅದು ನಿಂತ ಜಾಗದಲ್ಲೇ ಬಾಲ ಎತ್ತಿ, ಕಾಲು ಅಪ್ಪಳಿಸಿ, ಗಟ್ಟಿಯಾಗಿ ಮತ್ತೆ ಮತ್ತೆ ಕೂಗಿದ್ರೆ ಬೇಟೆ ಪ್ರಾಣಿ ಹತ್ತಿರದಲ್ಲೇ ಇದೆ ಅಂತ ಲೆಕ್ಕ. ಆಗ ಗಾಡಿ ಮುಂದಕ್ಕೆ ಬಿಡೋರೇ ಜಾಸ್ತಿ! ಸಫಾರಿ ಡ್ರೈವರ್ ಇಂಜಿನ್ ಆಫ್ ಮಾಡಿ ಸುಮ್ನೆ ಕೂತ್ರೆ ಬೈಬೇಡಿ, ಅವರು ಇದನ್ನೇ ಕೇಳ್ತಾ ಇರ್ತಾರೆ.

ಹಕ್ಕಿಗಳದ್ದು ಇನ್ನೊಂದು ಲೆಕ್ಕ. ಬೆಳಿಗ್ಗೆ ಕೆ.ಗುಡಿ ಕಡೆ ಅರ್ಧ ಗಂಟೆ ಒಂದೂ ಹಕ್ಕಿ ಇರಲ್ಲ, ಆಮೇಲೆ ಒಮ್ಮೆಗೇ ಮರದ ತುಂಬಾ ಹಕ್ಕಿ. ಬೇರೆ ಬೇರೆ ಜಾತಿಯವು ಜೊತೆಗೂಡಿ ಹುಳ ಹಿಡೀತಾ ಸಾಗುವ ಹಿಂಡು ಅದು. ಅದರ ಜೊತೆಗೆ ಬಾಲದಲ್ಲಿ ಎರಡು ಉದ್ದ ಎಳೆ ಇರೋ ಕಾಜಾಣ ಇರುತ್ತೆ. ಬೇರೆ ಹಕ್ಕಿಗಳ ದನಿ ಅನುಕರಿಸೋದ್ರಲ್ಲಿ ಅದು ಗಟ್ಟಿಗ. ಕಾಜಾಣ ಸಿಕ್ಕರೆ ಅದರ ಹಿಂದೇ ಕಣ್ಣಾಡಿಸಿ. ಚಳಿಗಾಲದಲ್ಲಿ ಹಳ್ಳದ ಬಂಡೆ ಮೇಲೆ ಬಾಲ ಕುಣಿಸೋ ಬೂದು ಸಿಪಿಲೆಯನ್ನೂ ನೋಡಿ, ಅದು ಬಡಗಣ ದೇಶದಿಂದ ಬಂದ ಅತಿಥಿ.

ಪ್ರಾಣಿ ನೋಡಕ್ಕೆ ಎಲೆ ಉದುರಿ, ನೀರು ಕೆರೆಗಳಲ್ಲಿ ಮಾತ್ರ ಉಳಿಯೋ ಫೆಬ್ರವರಿಯಿಂದ ಏಪ್ರಿಲ್ ಸರಿ.

ಅಂಗಡಿಯವರಿಗೆ ಒಂದು ಮಾತು. ಮಂಗಕ್ಕೆ ಅಂತ ಬಾಳೆಹಣ್ಣು, ಚಿಪ್ಸ್ ಕೇಳಿ ಬರೋರಿಗೆ ದಯವಿಟ್ಟು ಕೊಡಬೇಡಿ. ತಿಂಡಿ ರುಚಿ ಹತ್ತಿದ ಮಂಗ ರಸ್ತೆ ಬಿಡಲ್ಲ, ಗಾಡಿಗೆ ಸಿಗುತ್ತೆ. ಉಪ್ಪಿನ ವಾಸನೆಗೆ ಜಿಂಕೆ ಕವರ್ ಸಮೇತ ತಿನ್ನುತ್ತೆ. ವ್ಯಾಪಾರ ಹತ್ತು ರೂಪಾಯಿ ಕಮ್ಮಿಯಾಗುತ್ತೆ, ನಿಜ. ಆದ್ರೆ ಹಕ್ಕಿ ನೋಡಕ್ಕೆ ಬರೋರು ರಾತ್ರಿ ಉಳೀತಾರೆ, ಊಟ ಮಾಡ್ತಾರೆ, ಮತ್ತೆ ಬರ್ತಾರೆ.

ದಾರೀಲಿ ಆನೆ ಸಿಕ್ರೆ ದೂರದಲ್ಲೇ ನಿಲ್ಲಿಸಿ. ಹಾರನ್ ಬೇಡ, ಇಳಿಯೋದು ಬೇಡ, ಸೆಲ್ಫಿ ಅಂತೂ ಬೇಡವೇ ಬೇಡ. ಮರಿ ದಾಟಿತು ಅಂತ ಗಾಡಿ ನುಗ್ಗಿಸಬೇಡಿ, ಹಿಂದೆ ಇನ್ನೂ ಆನೆ ಇರಬಹುದು.